ಬಣವಿ ಬುಡದಾಗಿನ ಅಣಬಿ ಪಲ್ಯ ಮಾಡೋಕಿಂತ ಮೊದಲ ಇದೊಂದು ಓದ್ರಿ

ನಮ್ಮ ಕಡೆ ಆರಿದ್ರಿ ಮಳಿ ಎರಡ ದಿನ ಹಿಡದು ಬಿಡ್ತಂದ್ರ ಸಾಕು, ಮೂರನೇ ದಿನ ಬೆಳಿಗ್ಗೆ ಭತ್ತದ ಹುಲ್ಲಿನ ಬಣವಿ ಬುಡದಾಗ, ತಿಪ್ಪಿ ಅಂಚಿಗೆ, ಬದುವಿನ ಹುತ್ತದ ಮ್ಯಾಲೆ, ಎಲ್ಲಿ ನೋಡಿದ್ರೂ ಬೆಳ್ಳಗ ಅಣಬಿ ಎದ್ದು ನಿಂತಿರ್ತಾವ. ನಾನು ಗಂಗಾವತಿ ತಾಲೂಕಿನ ಈ ಹಳ್ಳಿಗೆ ಸೊಸಿಯಾಗಿ ಬಂದು 46 ವರ್ಷ ಆತು, ಒಂದು ಮಳಿಗಾಲನೂ ತಪ್ಪಿಲ್ಲ, ಯಾರಾದ್ರೂ ಒಬ್ಬಾಕಿ ಉಡ್ಯಾಗ ಅಣಬಿ ಹಾಕ್ಕೊಂಡ ಬಂದು "ಅತ್ತಿ, ಇವು ತಿನ್ನೋವೇನ್ರಿ" ಅಂತ ಕೇಳೇ ಕೇಳ್ತಾಳ. ಮೊದಲೆಲ್ಲಾ ನಾನೂ ಮೂಸಿ ನೋಡಿ, ತೊಟ್ಟು ಮುರದು ನೋಡಿ, ಇದು ತಿನ್ರಿ ಇದು ಬ್ಯಾಡ ಅಂತ ಹೇಳ್ತಿದ್ದೆ. ಈಗ ಹೇಳೂದಿಲ್ಲ. ಕಿತ್ತಿದ್ದನ್ನ ತಿಪ್ಪಿಗೆ ಹಾಕಿ ಕೈ ತೊಳ್ಕೋರಿ ಅಂತೀನಿ, ಕೆಲವರಿಗೆ ಸಿಟ್ಟೂ ಬರ್ತೈತಿ, ಬರಲಿ.

ನನ್ನ ನಾದಿನಿ ಒಮ್ಮೆ ಹಿತ್ತಲದ ಹುಲ್ಲಿನಾಗ ಬೆಳದ ದೊಡ್ಡ ದೊಡ್ಡ ಕೊಡಿಯಂಥಾ ಅಣಬಿ ತಂದು, ಉಳ್ಳಾಗಡ್ಡಿ ಖಾರ ಹಾಕಿ ಹುರದು, ಮಧ್ಯಾಹ್ನ ಜ್ವಾಳದ ರೊಟ್ಟಿ ಜೋಡಿ ಉಂಡಳು. ಎರಡು ತಾಸಿಗೆ ಶುರುವಾತು ನೋಡ್ರಿ, ವಾಂತಿ, ಭೇದಿ, ಹೊಟ್ಟಿ ಹಿಂಡೋದು, ನೀರು ಕುಡಿದ್ರ ನೀರೂ ನಿಲ್ಲಲಿಲ್ಲ. ದವಾಖಾನಿಗೆ ಒಯ್ದ್ವಿ, ಸಲಾಯಿನ್ ಹಚ್ಚಿದ್ರು, ಎರಡ ದಿನಕ್ಕ ಎದ್ದು ಮನಿಗೆ ಬಂದಳು. ಅವತ್ತಿಂದ ನಮ್ಮ ಮನ್ಯಾಗ ಒಂದು ತಪ್ಪು ತಿಳುವಳಿಕಿ ಬೇರು ಬಿಡ್ತು, ಅಣಬಿ ವಿಷ ಅಂದ್ರ ಎರಡ ದಿನದ ವಾಂತಿ, ಸಲಾಯಿನ್ ಹಚ್ಚಿದ್ರ ಆತು ಅಂತ. ನಾನೂ ಭಾಳ ವರ್ಷ ಹಂಗ ತಿಳ್ಕೊಂಡಿದ್ದೆ, ನಾಕ ಮಂದಿಗೆ ಹಂಗ ಹೇಳಿದ್ದೆ ಕೂಡ. ಅದು ನೆನಪಾದ್ರ ಈಗಲೂ ಎದಿ ಝಲ್ ಅಂತೈತಿ.

ಯಾಕಂದ್ರ ಜಲ್ದಿ ವಾಂತಿ ಮಾಡಿಸೋ ಅಣಬಿ ಬ್ಯಾರೆ, ಜೀವ ತೆಗಿಯೋ ಅಣಬಿ ಬ್ಯಾರೆ. ತಿಂದ ಒಂದು ತಾಸು, ಎರಡು ತಾಸಿಗೆ ಕಾಟ ಕೊಡೋವು ಹೊಟ್ಟಿನ ಕೆಡಿಸ್ತಾವ, ನಿತ್ರಾಣ ಮಾಡ್ತಾವ, ಸಣ್ಣ ಮಕ್ಕಳಿಗೆ ವಯಸ್ಸಾದೋರಿಗೆ ಅದೂ ಅಪಾಯನ, ಆದ್ರ ನೀರಿನಂಶ ಕಾಪಾಡಿಕೊಂಡ್ರ ಸಾಮಾನ್ಯವಾಗಿ ಉಳಿತಾರ. ಅಮಾಟಾಕ್ಸಿನ್ ಅನ್ನೋ ವಿಷ ಇರೋ ಅಣಬಿ ಹಂಗಲ್ಲ. ತಿಂದ ಆರು ತಾಸಿನ ತನಕ, ಒಮ್ಮೊಮ್ಮೆ 12 ತಾಸಿನ ತನಕ, ಏನೂ ಗೊತ್ತಾಗೂದಿಲ್ಲ. ರಾತ್ರಿ ಎಂಟಕ್ಕ ಉಂಡು, ಎಲಿ ಅಡಿಕಿ ಹಾಕ್ಕೊಂಡು, ಮಲಗಿ ನಿದ್ದಿ ಮಾಡಿ, ಬೆಳಗಿನ ಜಾವ ನಾಕಕ್ಕ ಹೊಟ್ಟಿ ಹಿಡ್ಕೊಂಡು ಎದ್ದು ಕುಂದರ್ತಾರ. ಅಷ್ಟೊತ್ತಿಗೆ ವಿಷ ಆಗಲೇ ರಕ್ತದಾಗ ಸೇರಿ ಲಿವರಿಗೆ ಹೋಗಿ ಕುಂತಿರ್ತೈತಿ.

ಒಂದು ದಿನ ವಾಂತಿ ಭೇದಿ ಆಗಿ ಎರಡನೇ ದಿನವೋ ಮೂರನೇ ದಿನವೋ ಎಲ್ಲಾ ನಿಂತು ಬಿಡ್ತೈತಿ. ಮನಷ್ಯಾ ಎದ್ದು ಕುಂತು ಗಂಜಿ ಕುಡೀತಾನ, ಮಾತಾಡ್ತಾನ, ಮನಿಯೋರು ದೇವರಿಗೆ ಕಾಯಿ ಒಡಿಸಿ "ಆರಾಮ್ ಆತು, ಡಿಸ್ಚಾರ್ಜ್ ಮಾಡ್ರಿ, ಹೊಲದ ಕೆಲಸ ಐತಿ" ಅಂತ ಡಾಕ್ಟರ್ ಹಿಂದ ಬೀಳ್ತಾರ. ನಾನು ಈ ಎಲ್ಲಾ ಬರಿಯಾಕ ಕುಂತಿದ್ದು ಆ ಆರಾಮ್ ಆದ ದಿನದ ಸಲುವಾಗಿನ. ಅವತ್ತು ಹೊಟ್ಟಿ ಸುಮ್ಮನಾಗಿರ್ತೈತಿ, ಒಳಗ ಲಿವರ್ ಸಾಯಾಕ ಹತ್ತಿರ್ತೈತಿ. ರಕ್ತ ಪರೀಕ್ಷೆ ಮಾಡಿದ್ರ ಮಾತ್ರ ಗೊತ್ತಾಗ್ತೈತಿ, ಮಾರಿ ನೋಡಿದ್ರ ಗೊತ್ತಾಗೂದಿಲ್ಲ. ಆಮ್ಯಾಲೆ ಕಣ್ಣು ಹಳದಿ ಆಗ್ತಾವ, ಉಚ್ಚಿ ಕಮ್ಮಿ ಆಗ್ತೈತಿ, ಮಾತು ತೊದಲ್ತೈತಿ, ಒಸಡಿನಾಗ ರಕ್ತ ಬರಬಹುದು. ನಮ್ಮ ಮಂದಿ ಹಳದಿ ಕಣ್ಣು ನೋಡಿದ ಕೂಡಲೇ ಏನ್ ಮಾಡ್ತಾರ, ಕಾಮಣಿ ಆಗೈತಿ ಅಂತ ಸೊಪ್ಪಿನ ಔಷಧ ಕೊಡೋರ ಮನಿಗೆ ಕರ್ಕೊಂಡ ಹೋಗ್ತಾರ. ಹೋಗಬ್ಯಾಡ್ರಿ. ಅಣಬಿ ತಿಂದು ಮೂರು ನಾಕು ದಿನಕ್ಕ ಬಂದ ಕಾಮಣಿಗೆ ಸೊಪ್ಪು ಹಿಂಡಿ ಕುಡಿಸಿ ಕುಂತ್ರ, ಇರೋ ಒಂದೆರಡು ದಿನಾನೂ ಕೈ ಬಿಟ್ಟು ಹೋಗ್ತಾವ.

ಆಸ್ಟ್ರೇಲಿಯಾದ ಲಿಯಾಂಗಾಥಾ ಅನ್ನೋ ಊರಾಗ 2023ರ ಜುಲೈ 29ಕ್ಕ ಮಧ್ಯಾಹ್ನದ ಊಟದಾಗ ಇಂಥಾ ಅಣಬಿ ಬಡಿಸಿದ ಕೇಸು ಟಿವಿಯಾಗ ಪೇಪರಿನಾಗ ಭಾಳ ಬಂತು, ಕೋರ್ಟು ಬಡಿಸಿದಾಕಿಗೆ 2025ರಾಗ ಶಿಕ್ಷೆ ಕೊಡ್ತು. ಉಂಡ ನಾಕು ನೆಂಟರಾಗ ಮೂರು ಮಂದಿ ಆಗಸ್ಟ್ 4, 5ಕ್ಕ ತೀರಿದ್ರು, ಒಬ್ಬರು ವಾರಗಟ್ಟಲೆ ದವಾಖಾನ್ಯಾಗ ಇದ್ದು ಉಳಿದ್ರು. ತಾರೀಖು ಲೆಕ್ಕ ಹಾಕ್ರಿ, ಒಂದು ವಾರ. ಅದು ಪರದೇಶದ ಮಾತು ಅಂತೀರೇನು, ನಮ್ಮ ದೇಶದಾಗ 2022ರ ಏಪ್ರಿಲ್ ತಿಂಗಳು ಅಸ್ಸಾಂನ ಚಹಾ ತೋಟದ ಕಡೆ ಕಾಡಣಬಿ ತಿಂದು ಡಿಬ್ರುಗಢದ ಮೆಡಿಕಲ್ ಕಾಲೇಜ್ ದವಾಖಾನ್ಯಾಗ 13 ಮಂದಿ ಸತ್ತರು. ಅವರೂ ನಮ್ಮಂಗ ಕೂಲಿ ಮಾಡಿ ಉಣ್ಣೋ ಮಂದಿ, ಬೆಳಿಗ್ಗೆ ಸೊಪ್ಪು ಹರಿಯಾಕ ಹೋದಂಗ ಹೋಗಿ ಹರ್ಕೊಂಡ ಬಂದೋರು.

ನನ್ನ ಮೊಮ್ಮಗಳು ನರ್ಸಿಂಗ್ ಓದ್ತಾಳ, ಆಕಿ ನನಗ ತಿಳಿಸಿ ಹೇಳಿದಳು. ನಮ್ಮ ಮೈಯಾಗಿನ ಜೀವಕೋಶ ಪ್ರೋಟೀನ್ ಮಾಡ್ಬೇಕಂದ್ರ ಮೊದಲು ಒಂದು ಚೀಟಿ ಬರಕೋಬೇಕಂತ, ಆ ಚೀಟಿ ಬರಿಯೋ ಕೈನ ಈ ಅಮಾಟಾಕ್ಸಿನ್ ಹಿಡಿದು ಕಟ್ಟಿ ಹಾಕ್ತೈತಿ, ಆರ್‌ಎನ್‌ಎ ಪಾಲಿಮರೇಸ್ ಅಂತ ಏನೋ ಅಂದಳು. ಚೀಟಿ ಇಲ್ಲಂದ್ರ ಪ್ರೋಟೀನ್ ಇಲ್ಲ, ಪ್ರೋಟೀನ್ ಇಲ್ಲಂದ್ರ ಆ ಜೀವಕೋಶ ಸಾಯ್ತೈತಿ, ಲಿವರ್ ಎಲ್ಲಾಕಿಂತ ಜಾಸ್ತಿ ಕೆಲಸ ಮಾಡೋ ಅಂಗ ಅದಕ ಮೊದಲ ಅದ ಸಾಯ್ತೈತಿ, ಕಿಡ್ನಿಗೂ ಹೊಡೆತ ಬೀಳ್ತೈತಿ. ಇನ್ನೂ ಕೆಟ್ಟದ್ದು ಏನಂದ್ರ ವಿಷ ಪಿತ್ತದ ಜೋಡಿ ಕರುಳಿಗೆ ಇಳೀತೈತಿ, ಕರುಳಿನಿಂದ ತಿರುಗಿ ಲಿವರಿಗೆ ಹೋಗ್ತೈತಿ, ಗಾಣದೆತ್ತಿನ ಹಂಗ ಅಲ್ಲೇ ಸುತ್ತತೈತಿ. ಎಷ್ಟು ಬೇಕು ಗೊತ್ತೇನ್ರಿ ಒಬ್ಬ ಮನಷ್ಯಾನ ಕೊಲ್ಲಾಕ, 60 ಕಿಲೋ ತೂಕದೋನಿಗೆ ಸುಮಾರು 6 ಮಿಲಿಗ್ರಾಂ. ನಮ್ಮ ಸೋನಾ ಮಸೂರಿ ಅಕ್ಕಿ ಒಂದು ಕಾಳಿಗಿಂತ ಹಗುರ. ಯುರೋಪಿನ ಓಕ್ ಮರದ ಬುಡಕ್ಕ ಬೆಳಿಯೋ ಡೆತ್ ಕ್ಯಾಪ್ ಅನ್ನೋ ಅಣಬಿದು ಒಂದ ಒಂದು ಕೊಡಿಯಾಗ ಅಷ್ಟು ಇರಬಹುದು. ಮಕ್ಕಳಿಗಂತೂ ಅದರ ಅರ್ಧನೂ ಬ್ಯಾಡ.

ಈಗ ಅಡಗಿಮನಿ ಮಾತಿಗೆ ಬರೂಣು. ಚೆನ್ನಾಗಿ ಕುದಿಸಿದ್ರ ವಿಷ ಹೋಗ್ತೈತಿ ಅಂತ ನಮ್ಮತ್ತಿನೂ ಹೇಳ್ತಿದ್ದರು, ಅವರ ಅತ್ತಿನೂ ಹೇಳಿರಬೇಕು. ಹೋಗೂದಿಲ್ಲ. ಕುದಿಸ್ರಿ, ಹುರೀರಿ, ಒಣಗಿಸಿ ಡಬ್ಬ್ಯಾಗ ಇಡ್ರಿ, ಫ್ರಿಜ್ಜಿನಾಗ ಇಡ್ರಿ, ಅಮಾಟಾಕ್ಸಿನ್ ಹಂಗ ಇರ್ತೈತಿ. ಬೆಳ್ಳಿ ಕಾಲುಂಗರ ಹಾಕಿ ಕುದಿಸಿ ಕರ್ರಗಾಗಲಿಲ್ಲ ಅಂದ್ರ ತಿನ್ನಬಹುದು ಅನ್ನೋದು, ಬಳ್ಳೊಳ್ಳಿ ಹಾಕಿ ಬಣ್ಣ ನೋಡೋದು, ಹುಳ ತಿಂದಿದ್ರ ನಾವೂ ತಿನ್ನಬಹುದು ಅನ್ನೋದು, ಎಲ್ಲಾ ಸುಳ್ಳು, ಒಂದನ್ನೂ ನಂಬಬ್ಯಾಡ್ರಿ. ರುಚಿ ಕಹಿ ಇರ್ತೈತಿ ಅಂತನೂ ತಿಳ್ಕೋಬ್ಯಾಡ್ರಿ, ಡೆತ್ ಕ್ಯಾಪ್ ತಿಂದು ಉಳದೋರು ಭಾಳ ರುಚಿ ಇತ್ತು ಅಂತ ಹೇಳ್ಯಾರ.

ನಾನು ಹಿಂದಿನ ಮಳಿಗಾಲ ಒಂದು ಕೆಲಸ ಮಾಡಿದೆ, ನಾದಿನಿ ತಿಂದಂಥಾದ್ದ ಅಣಬಿ ಹಿತ್ತಲದಾಗ ಎದ್ದಿತ್ತು, ಕುರ್ಪಿ ತಗೊಂಡು ಬುಡಸಮೇತ ಎಬ್ಬಿಸಿ, ಕೊಡಿ ಮುರದು ಬಿಳಿ ಹಾಳಿ ಮ್ಯಾಲೆ ಬೋರಲ ಹಾಕಿ, ಮ್ಯಾಲೊಂದು ಬುಟ್ಟಿ ಮುಚ್ಚಿ ರಾತ್ರಿಯೆಲ್ಲಾ ಬಿಟ್ಟೆ. ಬೆಳಿಗ್ಗೆ ನೋಡಿದ್ರ ಹಾಳಿ ಮ್ಯಾಲೆ ಚಕ್ರದ ಕಡ್ಡಿಯಂಗ ಗೆರಿಗೆರಿಯಾಗಿ ಪಾಚಿ ಬಣ್ಣದ ಹಸರು ಪುಡಿ ಬಿದ್ದಿತ್ತು. ಅದ ನೋಡ್ರಿ ಎರಡು ತಾಸಿಗೆ ವಾಂತಿ ಮಾಡಿಸೋದು, ಹುಲ್ಲುಹಾಸಿನಾಗ ಬೆಳಿಯೋದು. ಆದ್ರ ಪುಡಿ ಹಸರು ಬರಲಿಲ್ಲಂದ್ರ ತಿನ್ನಬಹುದು ಅಂತ ಯಾರೂ ಅನ್ಕೋಬ್ಯಾಡ್ರಿ, ಡೆತ್ ಕ್ಯಾಪಿನ ಪುಡಿ ಬೆಳ್ಳಗ ಇರ್ತೈತಿ.

ಇನ್ನ ಹುಲ್ಲಣಬಿ ವಿಚಾರ, ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ನಾವೆಲ್ಲಾ ಭತ್ತದ ಮಂದಿ, ನಮಗ ಇದು ಭಾಳ ಮುಖ್ಯ. ಭತ್ತದ ಹುಲ್ಲಿನಾಗ ಬೆಳಿಯೋ ತಿನ್ನೋ ಅಣಬಿ ಚಿಕ್ಕದಿದ್ದಾಗ ಮೊಟ್ಟಿ ಹಂಗ ಇರ್ತೈತಿ, ದೊಡ್ಡದಾದ ಮ್ಯಾಲೆ ಬುಡದಾಗ ಒಡದ ಮೊಟ್ಟಿ ಸಿಪ್ಪಿಯಂಥಾ ಬಟ್ಟಲ ಉಳೀತೈತಿ. ಡೆತ್ ಕ್ಯಾಪ್ ಜಾತಿದೂ ಚಿಕ್ಕದಿದ್ದಾಗ ಥೇಟ್ ಮೊಟ್ಟಿ, ಬುಡದಾಗ ಥೇಟ್ ಬಟ್ಟಲ. ಹುಲ್ಲಣಬಿ ತಿಂದು ಬೆಳದ ಏಷ್ಯಾದ ಮಂದಿ ಅಮೆರಿಕಾ, ಆಸ್ಟ್ರೇಲಿಯಾಕ್ಕ ಹೋಗಿ, ಅಯ್ಯ ನಮ್ಮೂರಿನ ಅಣಬಿ ಇಲ್ಲೂ ಐತಿ ಅಂತ ಕಿತ್ತು ತಿಂದು ಸತ್ತಾರ. ಅವರಿಗೇನು ಅಣಬಿ ಗೊತ್ತಿರಲಿಲ್ಲೇನು, ಗೊತ್ತಿತ್ತು, ಗೊತ್ತಿದ್ದದ್ದ ಮೋಸ ಮಾಡ್ತು. ನಿಮಗ ಅಣಬಿ ತಿನ್ನೋ ಆಸಿ ಇದ್ರ ಅಂಗಡ್ಯಾಗ ಬೆಳೆಸಿದ್ದು ಸಿಗ್ತಾವ, ಇಲ್ಲಾ ಬೀಜ ತಂದು ಚೀಲದಾಗ ಹುಲ್ಲು ತುಂಬಿ ಚಿಪ್ಪಣಬಿ ಮನ್ಯಾಗ ಬೆಳಕೋರಿ, ಹುಲ್ಲು ನಮ್ಮಲ್ಲಿ ಬೇಕಾದಷ್ಟೈತಿ.

ತಿಂದ ಮ್ಯಾಲೆ ಗೊತ್ತಾತು ಅಂದ್ರ ಹುಣಸಿ ನೀರು, ಮಜ್ಜಿಗಿ, ಉಪ್ಪಿನ ನೀರು ಅಂತ ತಡ ಮಾಡಬ್ಯಾಡ್ರಿ. 108ಕ್ಕ ಫೋನ್ ಹಚ್ರಿ. ವಾಂತಿ ಆಗಿಲ್ಲದೋರನ್ನೂ ಕರ್ಕೊಂಡ ಹೋಗ್ರಿ, ಅದ ಪಲ್ಯ ಉಂಡೋರು ಎಷ್ಟು ಮಂದಿನೋ ಅಷ್ಟೂ ಮಂದಿ. ಜಲ್ದಿ ಹೋದ್ರ ಇದ್ದಿಲ ಪುಡಿಯಂಥಾ ಔಷಧ ಕುಡಿಸಿ ಒಂದಷ್ಟು ವಿಷ ಹಿಡೀತಾರ, ಸಲಾಯಿನ್ ಹಚ್ತಾರ, ಅಸಿಟೈಲ್‌ಸಿಸ್ಟೀನ್, ಪೆನಿಸಿಲಿನ್, ಸಿಲಿಬಿನಿನ್ ಅಂಥಾ ಔಷಧ ಕೊಡ್ತಾರ, ಯಾವುದೂ ಖಂಡಿತ ಉಳಿಸ್ತೈತಿ ಅನ್ನೋ ಮದ್ದಲ್ಲ, ಲಿವರ್ ಪೂರ್ತಿ ಹೋದ್ರ ಬ್ಯಾರೇದವರ ಲಿವರ್ ಹಾಕೋದೊಂದ ದಾರಿ. ಅದಕ ತಾಲೂಕಿನ ದವಾಖಾನ್ಯಾಗ ಅಣಬಿ ಅಂತ ಬಾಯಿಬಿಟ್ಟು ಹೇಳ್ರಿ, ಊಟ ಕೆಟ್ಟಿತ್ತು ಅನ್ನಬ್ಯಾಡ್ರಿ, ಕೊಪ್ಪಳಕ್ಕೋ ಬಳ್ಳಾರಿಗೋ ರಾಯಚೂರಿಗೋ ದೊಡ್ಡ ದವಾಖಾನಿಗೆ ಬರದು ಕೊಟ್ರ ಅವತ್ತ ಹೊಂಡ್ರಿ. ಉಳದ ಹಸಿ ಅಣಬಿ, ಪಲ್ಯ, ತಿಪ್ಪಿಗೆ ಒಗದ ತೊಟ್ಟು ಸಿಕ್ರೂ ಸೈ, ಪೇಪರಿನಾಗ ಸುತ್ತಿ ಒಯ್ರಿ, ಪ್ಲಾಸ್ಟಿಕ್ಕಿನಾಗ ಕೊಳೀತಾವ. ಮತ್ತ ಒಂದು ಚೀಟ್ಯಾಗ ಎರಡು ಟೈಮ್ ಬರಕೋರಿ, ಉಂಡಿದ್ದು ಎಷ್ಟೊತ್ತಿಗೆ, ಮೊದಲ ವಾಂತಿ ಆಗಿದ್ದು ಎಷ್ಟೊತ್ತಿಗೆ. ನಡುವ ಆರು ತಾಸು ದಾಟಿದ್ರ ಅದನ್ನ ಡಾಕ್ಟರ್ ಕೈಯಾಗ ಕೊಟ್ಟು, ಎರಡನೇ ದಿನ ಪೇಷಂಟ್ ನಗ್ತಾ ಎದ್ದು ಕುಂತು "ಮನಿಗೆ ಹೋಗೂಣು ನಡೀರಿ" ಅಂದ್ರೂ ರಕ್ತದ ರಿಪೋರ್ಟ್ ಬಂದು ಅವರ ಹೋಗ್ರಿ ಅನ್ನೋ ತನಕ ಕಾಟಿನ ಬುಡಕ್ಕ ಚಾಪಿ ಹಾಸ್ಕೊಂಡು ಅಲ್ಲೇ ಮಲಗ್ರಿ.