ಈಜುಕೊಳದ ನೀರು ಇಳಿಯುತ್ತಿದ್ದರೆ ವಾಲ್ವ್ ಬಿಚ್ಚಿ ನೋಡಿ
ಧಾರವಾಡದ ನಮ್ಮ ಮನೆಯಂಗಳದ ಸಣ್ಣ ಈಜುಕೊಳವನ್ನು ಬೋರ್‌ವೆಲ್ ನೀರಿನಿಂದಲೇ ತುಂಬಿಸುತ್ತೇವೆ. ಕಳೆದ ಬೇಸಿಗೆಯಲ್ಲಿ ನೀರಿನ ಮಟ್ಟ ದಿನವೂ ಇಳಿಯುತ್ತಿದ್ದಾಗ ಬಿಸಿಲಿಗೆ ಆವಿಯಾಗುತ್ತಿದೆ ಎಂದೇ ನಂಬಿದ್ದೆ. ಆದರೆ ಪಂಪ್ ಓಡುವಾಗ ಕೊಳೆನೀರು ಹೊರಬಿಡುವ ಪೈಪಿನ ಬಾಯಿಯಲ್ಲಿ ನೂಲಿನಷ್ಟು ಧಾರೆ ಕಂಡ ಮೇಲೆ, ದೋಷವಿರುವುದು ಹಿಡಿಕೆ ತಿರುಗಿಸಿ ನೀರಿನ ದಾರಿ ಬದಲಿಸುವ, ಫಿಲ್ಟರಿನ ಮಲ್ಟಿಪೋರ್ಟ್ ವಾಲ್ವ್‌ನೊಳಗಿನ, ನೀರು ಸೋರದಂತೆ ತಡೆಯುವ ಗ್ಯಾಸ್ಕೆಟ್‌ನಲ್ಲಿ ಎಂಬುದು ತಿಳಿಯಿತು.

ಬಿಚ್ಚುವ ಮೊದಲು ಪಂಪಿನ ಮುಖ್ಯ ಸ್ವಿಚ್ಚನ್ನು ಆರಿಸಿ, ಕೊಳದ ಕಡೆಯ ವಾಲ್ವ್‌ಗಳನ್ನು ಮುಚ್ಚಿ, ಗೇಜಿನ ಮುಳ್ಳು ಸೊನ್ನೆಗೆ ಇಳಿಯುವವರೆಗೆ ಒತ್ತಡವನ್ನು ಹೊರಬಿಡಬೇಕು. ಮುಚ್ಚಳದಿಂದ ಕೆಳಭಾಗದವರೆಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಕೊಂಡರೆ ಮತ್ತೆ ಜೋಡಿಸುವಾಗ ದಿಕ್ಕು ತಪ್ಪುವುದಿಲ್ಲ. ಚಕ್ರದ ಅರೆಗಳಂತೆ ಕಾಣುವ ಆ ರಬ್ಬರ್ ಗ್ಯಾಸ್ಕೆಟ್ ತಿರುಚಿದ್ದರೆ ಅಥವಾ ಹರಿದಿದ್ದರೆ ಬದಲಿಸಬೇಕು. ಬರೀ ಮರಳಿನ ಕಣವೋ ಗಡಸು ನೀರಿನ ಬಿಳಿ ಪದರವೋ ಕುಳಿತಿದ್ದರೆ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಓ-ರಿಂಗಿಗೆ, ಅಂದರೆ ಸೋರಿಕೆ ತಡೆಯುವ ರಬ್ಬರ್ ಬಳೆಗೆ, ಸಿಲಿಕಾನ್ ಗ್ರೀಸನ್ನು ತೆಳುವಾಗಿ ಸವರಬೇಕೇ ಹೊರತು, ನಾನು ಮೊದಲ ಸಲ ಮಾಡಿದಂತೆ ಪೆಟ್ರೋಲಿಯಂ ಜೆಲ್ಲಿಯನ್ನು ಹಚ್ಚಬಾರದು, ಏಕೆಂದರೆ ಅದು ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು.

ಪಂಪ್ ಓಡುತ್ತಿರುವಾಗ ವಾಲ್ವ್‌ನ ಹಿಡಿಕೆಯನ್ನು ತಿರುಗಿಸಿದರೆ ಹೊಸ ಗ್ಯಾಸ್ಕೆಟ್ ಕೂಡ ಕಿತ್ತು ಬರಬಹುದು. ಮನೆಯ ಮಕ್ಕಳಿಗೂ ಇದನ್ನು ಹೇಳಿಡಿ.