ವಿಮಾನಕ್ಕೆ ಹೊಲಿದ ಸೀಟು

ಹೊಸೂರಿನ ಬಾಗಲೂರು ರಸ್ತೆಯಲ್ಲಿ ನನ್ನದು ಕುಶನ್ ಅಂಗಡಿ. ಲಾರಿ, ಕಾರು, ಆಟೊ, ಯಾವುದರ ಸೀಟು ಬಂದರೂ ಹೊಲಿಯುತ್ತೇನೆ. ತಳಿ ರಸ್ತೆಯಲ್ಲಿ ಬೆಳಗೊಂಡಪಲ್ಲಿಯ ಖಾಸಗಿ ವಿಮಾನ ನಿಲ್ದಾಣವಿರುವುದರಿಂದ ಪುಟ್ಟ ವಿಮಾನಗಳನ್ನು ನೋಡಿ ನಮಗೆ ಅಭ್ಯಾಸ. ಆದರೆ ಅವುಗಳ ಸೀಟು ನನ್ನ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಎರಡು ಸೀಟಿನ ಹಗುರ ವಿಮಾನವೊಂದರ ಮಾಲೀಕರು ಮೊದಲ ಬಾರಿಗೆ ತಂದರು. ಒಂದು ಗಂಟೆ ಹಾರಿದರೆ ಬಾಲಮೂಳೆ ಉರಿಯುತ್ತದೆ, ತೊಡೆ ಜೋಮು ಹಿಡಿಯುತ್ತದೆ ಎಂದರು.

“ನಾಲ್ಕು ಅಂಗುಲದ ಮೆತ್ತನೆಯ ಫೋಮ್ ಹಾಕಿಬಿಡಿ ಅಣ್ಣಾ” ಎಂದು ಕೇಳಿದರು. “ಸರ್, ಮೊದಲು ನಿಮ್ಮನ್ನು ಒಳಗೆ ಕೂರಿಸಿ ನೋಡಬೇಕು” ಎಂದೆ.

ನೋಡಿದ್ದು ಒಳ್ಳೆಯದಾಯಿತು. ಹೆಡ್‌ಸೆಟ್ ಹಾಕಿಕೊಂಡು ಕುಳಿತರೆ ಅವರ ತಲೆಗೂ ಮೇಲಿನ ಗಾಜಿಗೂ ನಡುವೆ ಒಂದು ಮುಷ್ಟಿಯಷ್ಟೇ ಜಾಗ. ಕಾಲುಗಳ ನಡುವೆ ಹಾರಾಟವನ್ನು ನಿಯಂತ್ರಿಸುವ ಕೋಲು. ಅದನ್ನು ಪೂರ್ತಿ ಹಿಂದಕ್ಕೆ ಎಳೆದಾಗ ದಿಂಬಿನ ಅಂಚಿಗೆ ತಾಗಿದರೆ ಇಳಿಯುವಾಗ ವಿಮಾನದ ಮೂಗು ಎತ್ತಲು ಆಗುವುದಿಲ್ಲ. ಇಷ್ಟೇ ಅಲ್ಲ, ಕಣ್ಣಿನ ಎತ್ತರ ಬದಲಾದರೆ ರನ್‌ವೇ ಕಾಣುವ ರೀತಿಯೇ ಬದಲಾಗುತ್ತದೆ, ಇಳಿಯುವ ಅಂದಾಜು ಕೆಡುತ್ತದೆ. ಭುಜದ ಪಟ್ಟಿಯ ಹಿಂಬದಿಯ ಕೊಂಡಿ ಭುಜಕ್ಕೆ ಸಮನಾಗಿ ಅಥವಾ ತುಸು ಮೇಲೆ ಇರಬೇಕು; ಸೀಟು ಎತ್ತರಿಸಿದಷ್ಟೂ ಅದು ಕೆಳಗೆ ಉಳಿಯುತ್ತದೆ. ಇದನ್ನೆಲ್ಲ ಅಳೆದು ನನಗೆ ಸಿಕ್ಕಿದ್ದು ಒಟ್ಟು ಎರಡು ಅಂಗುಲ.

ಮೆತ್ತನೆಯ ದಪ್ಪ ಫೋಮ್ ಬೇಡವೆನ್ನಲು ಇದಕ್ಕಿಂತ ದೊಡ್ಡ ಕಾರಣವನ್ನು ಆ ವಿಮಾನದ ಎಂಜಿನಿಯರ್ ಹೇಳಿದರು. ವಿಮಾನ ಧಡಾರನೆ ನೆಲಕ್ಕೆ ಬಿದ್ದಾಗ ಸೀಟಿನ ತಳ ಕೂಡಲೇ ನಿಂತುಬಿಡುತ್ತದೆ, ದೇಹ ಮಾತ್ರ ಫೋಮ್ ಅನ್ನು ಹಿಸುಕುತ್ತಾ ಇಳಿಯುತ್ತಲೇ ಇರುತ್ತದೆ. ಫೋಮ್ ಮುಗಿದ ಕ್ಷಣ ಸೊಂಟ ಒಮ್ಮೆಲೇ ತಳಕ್ಕೆ ಅಪ್ಪಳಿಸುತ್ತದೆ. ಬರಿಯ ತಗಡಿನ ಮೇಲೆ ಕುಳಿತಿದ್ದರೂ ಬೆನ್ನುಮೂಳೆಗೆ ಅಷ್ಟು ಪೆಟ್ಟು ಬೀಳದಿರಬಹುದು. ಅಮೆರಿಕದ ಸಣ್ಣ ವಿಮಾನಗಳ ಸೀಟು ಪರೀಕ್ಷೆಯಲ್ಲಿ ಬೆನ್ನೆಲುಬಿನ ಮೇಲೆ ಬೀಳುವ ಭಾರ 1,500 ಪೌಂಡ್, ಅಂದರೆ ಸುಮಾರು 680 ಕಿಲೊ ಮೀರಬಾರದು ಎಂಬ ಮಿತಿಯಿದೆಯಂತೆ. ಲಾರಿಯ ಸೀಟಿನಲ್ಲಿ ನಾವು ಪುಟಿಯುವ ಫೋಮ್ ಮೆಚ್ಚುತ್ತೇವೆ. ಇಲ್ಲಿ ಪುಟಿತವೇ ಶತ್ರು.

ಆದ್ದರಿಂದ ನಿಧಾನವಾಗಿ ಕುಗ್ಗಿ ನಿಧಾನವಾಗಿ ಏಳುವ ಫೋಮ್ ಬೇಕಾಯಿತು. ಹಾಸಿಗೆ ಅಂಗಡಿಗಳು ಮೆಮೊರಿ ಫೋಮ್ ಎಂದು ಮಾರುವ ಸರಕಿನ ಮೂಲ ಇದೇ. 1966ರಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ಎಂಬವರು ವಿಮಾನದ ಸೀಟಿಗೆಂದೇ ಇದನ್ನು ರೂಪಿಸಿದರು. ಹಾಗೆಂದು ಹಾಸಿಗೆಯ ತುಂಡು ನಡೆಯುವುದಿಲ್ಲ, ಅದು ತೀರಾ ಮೃದು. ವಿಮಾನಕ್ಕೆಂದೇ ಬರುವ ಫೋಮ್‌ನಲ್ಲಿ ಗಡಸಿನ ಹಂತಕ್ಕೊಂದು ಬಣ್ಣ: ಹಳದಿ ಮೃದು, ನಂತರ ಗುಲಾಬಿ, ನೀಲಿ, ಹಸಿರು ಎಲ್ಲಕ್ಕಿಂತ ಗಟ್ಟಿ. ತಳಕ್ಕೆ ಒಂದು ಅಂಗುಲ ಹಸಿರು, ಮೇಲೆ ಅರ್ಧ ಅಂಗುಲ ನೀಲಿ, ಅದರ ಮೇಲೆ ಅರ್ಧ ಅಂಗುಲ ಗುಲಾಬಿ ಇಟ್ಟೆ. ಈ ಫೋಮ್‌ಗೆ ಚಳಿ ಒಗ್ಗುವುದಿಲ್ಲ. ಡಿಸೆಂಬರಿನ ಹೊಸೂರಿನ ಬೆಳಗಿನಲ್ಲಿ ಅದು ಹಲಗೆಯಂತೆ ಬಿಗಿದಿರುತ್ತದೆ, ಮೈ ಬಿಸಿ ತಗುಲಿದ ಮೇಲಷ್ಟೇ ಸಡಿಲವಾಗುತ್ತದೆ. ಹತ್ತು ನಿಮಿಷ ಕಾಯದೆ ದೂರಬೇಡಿ ಎಂದು ಮಾಲೀಕರಿಗೆ ಮೊದಲೇ ಹೇಳಿಟ್ಟೆ.

ನಿಜವಾದ ಹಿತ ಬಂದದ್ದು ಫೋಮ್‌ಗಿಂತ ಹೆಚ್ಚಾಗಿ ಆಕಾರದಿಂದ. ಟಿವಿ ಪೆಟ್ಟಿಗೆಯ ಅಲೆಅಲೆ ರಟ್ಟನ್ನು ಸೀಟಿನ ಮೇಲೆ ಹಾಸಿ ಅವರನ್ನು ಕೂರಿಸಿದೆ. ಎದ್ದಾಗ ಕೂರುವ ಮೂಳೆಗಳೆರಡರ ಗುರುತು ರಟ್ಟಿನಲ್ಲಿ ಸ್ಪಷ್ಟವಾಗಿ ಇಳಿದಿತ್ತು. ಆ ಎರಡು ಜಾಗದ ಭಾರ ಸುತ್ತಲೂ ಹರಡುವಂತೆ ತಳದ ಪದರವನ್ನು ಬಟ್ಟಲಿನಂತೆ ಕೊರೆದೆ, ಬಾಲಮೂಳೆಯ ಕೆಳಗೆ ಸಣ್ಣ ಕಾಲುವೆ ಬಿಟ್ಟೆ. ತೊಡೆ ಜೋಮು ಹಿಡಿಯುತ್ತಿದ್ದುದಕ್ಕೆ ಮುಂದಿನ ಚೂಪು ಅಂಚು ಮೊಣಕಾಲಿನ ಹಿಂಬದಿಯನ್ನು ಒತ್ತುತ್ತಿದ್ದುದೇ ಕಾರಣ. ಅಂಚನ್ನು ಇಳಿಜಾರಾಗಿ ಉಜ್ಜಿ, ಕೋಲಿನ ಎದುರು ಇನ್ನಷ್ಟು ತಗ್ಗಿಸಿದೆ. ಸೊಂಟಕ್ಕೆ ತೆಳುವಾದ ಪ್ರತ್ಯೇಕ ದಿಂಬು. ವೆಲ್ಕ್ರೋ ಇರುವುದರಿಂದ ಮೇಲೆ ಕೆಳಗೆ ಸರಿಸಬಹುದು. ಫೋಮ್ ಕತ್ತರಿಸಲು ಹ್ಯಾಕ್ಸಾ ಬ್ಲೇಡೇ ಸಾಕು, ಆದರೆ ಕೈ ಒತ್ತಬಾರದು.

ರೆಕ್ಸಿನ್ ಬಳಸಲಿಲ್ಲ. ಗಾಜಿನ ಮಾಡಿನ ಕೆಳಗೆ ಬಿಸಿಲಿನಲ್ಲಿ ಅದರ ಮೇಲೆ ಬೆನ್ನು ಬೇಯುತ್ತದೆ. ಉಣ್ಣೆಯ ಬಟ್ಟೆ ಹಾಕಿದೆ. ಅದು ಬೆವರು ಹೀರುತ್ತದೆ, ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಬಟ್ಟೆ, ಫೋಮ್ ಎರಡರ ಪಟ್ಟಿಯನ್ನೂ ನೇತುಹಾಕಿ 12 ಸೆಕೆಂಡ್ ಜ್ವಾಲೆ ಹಿಡಿದು ತೆಗೆದೆ. ತೆಗೆದ ಮೇಲೆ 15 ಸೆಕೆಂಡಿನೊಳಗೆ ಆರಬೇಕು, ಸುಟ್ಟ ಉದ್ದ 8 ಅಂಗುಲ ದಾಟಬಾರದು. ನನ್ನ ಅಂಗಡಿಯ ಈ ಪರೀಕ್ಷೆ ಕೆಟ್ಟ ಸರಕನ್ನು ಆಚೆ ಹಾಕಲು ಮಾತ್ರ. ಕಾಗದದ ಮೇಲಿನ ಪ್ರಮಾಣಪತ್ರ ತಯಾರಕರಿಂದಲೇ ಬರಬೇಕು.

ಸೀಟಿನ ಚೌಕಟ್ಟು, ಪಟ್ಟಿ, ಬೋಲ್ಟ್ ಯಾವುದನ್ನೂ ನಾನು ಮುಟ್ಟಲಿಲ್ಲ. ವಿಮಾನ ತಯಾರಿಸಿದ ಕಂಪನಿಯ ಲಿಖಿತ ಒಪ್ಪಿಗೆಯನ್ನು ಮಾಲೀಕರು ತರಿಸಿಕೊಂಡ ಮೇಲೆಯೇ ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕಿದ್ದು. ಹಳೆಯ ದಿಂಬು, ಹೊಸ ದಿಂಬು ಎರಡನ್ನೂ ತಕ್ಕಡಿಯಲ್ಲಿ ತೂಗಿ ಕೊಟ್ಟೆ, ಎಂಜಿನಿಯರ್ ಅದನ್ನು ದಾಖಲೆಗೆ ಬರೆದುಕೊಂಡರು. ಈ ವರ್ಗದ ವಿಮಾನದ ಒಟ್ಟು ತೂಕಕ್ಕೆ 600 ಕಿಲೊ ಮಿತಿ ಇರುವಾಗ ಅರ್ಧ ಕಿಲೊ ಕೂಡ ಲೆಕ್ಕಕ್ಕೆ ಬರುತ್ತದೆ.

ಪಕ್ಕದ ಸೀಟನ್ನು ಮಾತ್ರ ಸಮತಟ್ಟಾಗಿಯೇ ಹೊಲಿದೆ. ಅಲ್ಲಿ ಕೂರುವವರು ಪ್ರತಿಬಾರಿ ಬೇರೆ, ಒಬ್ಬರ ಬಟ್ಟಲು ಇನ್ನೊಬ್ಬರಿಗೆ ಗುಂಡಿ. ಸೊಂಟದ ದಿಂಬನ್ನು ಅಲ್ಲಿಯೂ ಕೊಟ್ಟಿದ್ದೇನೆ, ಆದರೆ ಅದು ಜಾರಿ ಕೋಲಿನ ಬುಡಕ್ಕೆ ಸಿಕ್ಕಿಕೊಳ್ಳದಂತೆ ಹಿಂಬದಿಯಿಂದ ಪಟ್ಟಿ ಹಾಕಿ ಬಿಗಿದಿದ್ದೇನೆ.