ಬೆಕ್ಕಿನ ಕೈಲಿ ನಟನೆ ಮಾಡಿಸಿದ್ದು ಹೀಗೆ

ಸಕಲೇಶಪುರದ ಹತ್ತಿರ ಕಾಫಿ ತೋಟದ ಹಳೇ ಮನೆಯೊಂದರಲ್ಲಿ ಗೆಳೆಯರ ಕಿರುಚಿತ್ರದ ಶೂಟಿಂಗ್ ಇತ್ತು. ಬೆಕ್ಕಿನ ಉಸ್ತುವಾರಿ ನನಗೆ. ಸ್ಕ್ರಿಪ್ಟ್‌ನಲ್ಲಿ ಇದ್ದದ್ದು ಒಂದೇ ಸಾಲು: ಬೆಕ್ಕು ಒಳಗೆ ಬಂದು ಅಜ್ಜಿಯ ಮಡಿಲಲ್ಲಿ ಮಲಗುತ್ತದೆ. ಬರೆಯೋದು ಸುಲಭ ಅಲ್ವಾ!

ಸಿನಿಮಾದಲ್ಲಿ ಪ್ರಾಣಿ ಬಳಸಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ಬೇಕು, 2001ರ ನಿಯಮ ಅದು. ಪಶುವೈದ್ಯರ ಸರ್ಟಿಫಿಕೇಟೂ ಬೇಕು. ಅದೆಲ್ಲ ಮುಗಿಸಿಕೊಂಡೇ ಹೊರಟೆವು.

ದೊಡ್ಡ ಸಿನಿಮಾದವರು ನೋಡಲು ಒಂದೇ ಥರ ಇರುವ ಹಲವು ಬೆಕ್ಕು ಇಟ್ಟುಕೊಂಡಿರುತ್ತಾರೆ. ಒಂದು ಓಡೋಕೆ, ಇನ್ನೊಂದು ಸುಮ್ನೆ ಕೂರೋಕೆ. ನಮಗೆ ಆ ಭಾಗ್ಯ ಇಲ್ಲ. ಹೊರಗಿನ ಬೆಕ್ಕು ತಂದರೆ ಹೊಸ ಜಾಗ ನೋಡಿ ಮಂಚದ ಕೆಳಗೆ ಸೇರಿಬಿಡುತ್ತದೆ, ಅದಕ್ಕೇ ಆ ಮನೆಯದ್ದೇ ಕೆಂದು ಬೆಕ್ಕನ್ನು ಆರಿಸಿದೆ. ಅಜ್ಜಿ ಪಾತ್ರದವರು ಹಾಸನದಿಂದ ಮುಂಚೆಯೇ ಬಂದು ಉಳಿದರು. ಬೆಕ್ಕಿಗೆ ಊಟ ಹಾಕೋದು ಅವರೊಬ್ಬರೇ, ಅದೂ ಅದೇ ಕುರ್ಚಿಯಲ್ಲಿ ಕೂತು.

ಮಡಿಲಲ್ಲಿ ಮಲಗಿಸಿದ್ದು ಬಿಸಿ. ಆ ಬೆಕ್ಕು ದಿನಾ ಮಲಗುವುದು ಬಚ್ಚಲೊಲೆ ಪಕ್ಕ. ಒಲೆ ಹಚ್ಚಬೇಡಿ ಅಂತ ಮನೆಯವರನ್ನು ಕೇಳಿಕೊಂಡೆ, ಅಜ್ಜಿಯ ಕಂಬಳಿ ಮಡಿಕೆಯೊಳಗೆ ಬಿಸಿನೀರಿನ ಚೀಲ ಇಟ್ಟೆ, ಸೆರಗಿನ ಮರೆಯಲ್ಲಿ ಅವರ ಬೆರಳಿಗೆ ಚೂರು ಒಣ ಸೀಗಡಿ ಉಜ್ಜಿದೆ. ಸಂಜೆಗತ್ತಲಲ್ಲಿ, ಬೆಕ್ಕು ತಾನಾಗಿಯೇ ಓಡಾಡುವ ಹೊತ್ತಿಗೆ, ಲೈಟು ಮೊದಲೇ ಹಾಕಿಟ್ಟು ಕಾದೆವು. ಬಾಗಿಲಲ್ಲಿ ನಿಂತಿತು, ಮೂಗು ಮೇಲೆತ್ತಿತು, ನೇರ ಬಂದು ಹತ್ತಿತು. "ಅಣ್ಣಾ, ಕ್ಯಾಮೆರಾ ನೋಡ್ತಿದೆ" ಅಂತ ನಮ್ಮ ಡೈರೆಕ್ಟರ್ ಪಿಸುಗುಟ್ಟಿದ. ನೋಡಲಿ ಬಿಡು ಅಂದೆ. ಎಳೆದು ಕೂರಿಸಿದರೆ ಮತ್ತೆ ಹತ್ತಿರ ಬರಲ್ಲ. ಬೆಕ್ಕಿನ ಬದಲು ಶಾಟ್ ಬದಲಾಯಿಸೋದೇ ಜಾಣತನ.

ತಲೆನೋವಾಗಿದ್ದು ಸದ್ದು. 1972ರ ಹಾಲಿವುಡ್ ಸಿನಿಮಾ ʻಗಾಡ್‌ಫಾದರ್ʼನಲ್ಲಿ ನಟ ಮಾರ್ಲನ್ ಬ್ರಾಂಡೊ ಮಡಿಲಲ್ಲಿ ಕೂತದ್ದು ಸ್ಟುಡಿಯೋದಲ್ಲಿ ಅಡ್ಡಾಡುತ್ತಿದ್ದ ಬೀದಿ ಬೆಕ್ಕು, ಅದರ ಗುರುಗುಟ್ಟುವಿಕೆಯಲ್ಲಿ ಅವರ ಮಾತೇ ಸರಿಯಾಗಿ ಕೇಳಿರಲಿಲ್ಲ. ನಮ್ಮ ಅಜ್ಜಿಯ ಸೆರಗಿಗೆ ಸಿಕ್ಕಿಸಿದ್ದ ಕಾಲರ್ ಮೈಕಿನಲ್ಲೂ ಬರೀ ಗುರ್ರ್. ಹಾಗಾಗಿ ಬೆಕ್ಕು ಅಡುಗೆಮನೆಯಲ್ಲಿ ಉಳಿದ ಸೀಗಡಿ ತಿನ್ನುತ್ತಿದ್ದಾಗ ಅಜ್ಜಿಯ ಮಾತುಗಳನ್ನು ಅದೇ ಕೋಣೆಯಲ್ಲಿ ಇನ್ನೊಮ್ಮೆ ರೆಕಾರ್ಡ್ ಮಾಡಿಕೊಂಡೆವು, ಎಡಿಟಿಂಗ್‌ನಲ್ಲಿ ಗುರ್ರನ್ನು ಕೆಳಗೆ ಸಣ್ಣಗೆ ಉಳಿಸಿಕೊಂಡೆವು.